ಕಂಟ್ರೋಲ್ ಒತ್ತಿದ್ದರೂ ನಕಲಾಗದ ಫೈಲ್: ಡ್ರ್ಯಾಗ್ ಅಂಡ್ ಡ್ರಾಪ್‌ನಲ್ಲಿ ಮಾಡಿಫೈಯರ್ ಕೀ ದೋಷವನ್ನು ಹುಡುಕುವ ಬಗೆ

ದೂರು ಒಂದೇ ಸಾಲಿನಲ್ಲಿತ್ತು: ‘ಕಂಟ್ರೋಲ್ ಒತ್ತಿಕೊಂಡೇ ಎಳೆದೆ, ಆದರೂ ಪೆನ್‌ಡ್ರೈವ್ ಬರಿದಾಯಿತು.’ ನಾನು ಬರೆಯುತ್ತಿದ್ದುದು ಫೋಟೊಗಳನ್ನು ಜೋಡಿಸಿಡುವ ಒಂದು ವಿಂಡೋಸ್ ತಂತ್ರಾಂಶ. ನಿಯಮ ಸರಳ. ಸುಮ್ಮನೆ ಎಳೆದು ಬಿಟ್ಟರೆ ಫೈಲ್ ಸ್ಥಳಾಂತರವಾಗಬೇಕು, ಕಂಟ್ರೋಲ್ ಒತ್ತಿದ್ದರೆ ನಕಲಾಗಬೇಕು. ಕಂಟ್ರೋಲ್, ಶಿಫ್ಟ್, ಆಲ್ಟ್ ಹೀಗೆ ಇನ್ನೊಂದು ಕ್ರಿಯೆಯ ಅರ್ಥ ಬದಲಿಸುವ ಕೀಗಳಿಗೆ ಮಾಡಿಫೈಯರ್ ಕೀ ಎಂದು ಹೆಸರು. ನನ್ನ ಕಂಪ್ಯೂಟರಿನಲ್ಲಿ ಇಪ್ಪತ್ತು ಸಲ ಎಳೆದು ನೋಡಿದೆ, ಇಪ್ಪತ್ತೂ ಸಲ ನಕಲಾಯಿತು. ‘ಬಳಕೆದಾರರು ಕೀ ಸರಿಯಾಗಿ ಒತ್ತಿರಲಿಕ್ಕಿಲ್ಲ’ ಎಂದು ಬರೆದು ದೂರನ್ನು ಮುಚ್ಚಿದೆ. ವಾರದಲ್ಲೇ ಇನ್ನೊಬ್ಬರಿಂದ ಅದೇ ದೂರು ಬಂದಾಗ ಹಾಗೆ ಬರೆಯುವ ಧೈರ್ಯ ಉಳಿದಿರಲಿಲ್ಲ.

ನಾನು ಪರೀಕ್ಷಿಸಿದ್ದು ನಮ್ಮದೇ ವಿಂಡೋದ ಒಂದು ಆಲ್ಬಮಿನಿಂದ ಇನ್ನೊಂದು ಆಲ್ಬಮಿಗೆ ಎಳೆದು. ಅವರು ಎಳೆದದ್ದು ಫೈಲ್ ಎಕ್ಸ್‌ಪ್ಲೋರರ್‌ನಿಂದ ನಮ್ಮ ವಿಂಡೋಗೆ. ನೋಡುವವರ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿನ ಒಳಗೆ ಎರಡೂ ಬೇರೆ ಬೇರೆ ದಾರಿಗಳು. ಆ ದಾರಿಗಳನ್ನು ಹಿಡಿದು ಹೋದಾಗ ಸಿಕ್ಕದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಹೆಚ್ಚಿನದು ವಿಂಡೋಸ್ ಮತ್ತು ಡಾಟ್‌ನೆಟ್ ವಿನ್‌ಫಾರ್ಮ್ಸ್ (ತಂತ್ರಾಂಶದ ವಿಂಡೋಗಳನ್ನು ಕಟ್ಟಲು ಮೈಕ್ರೋಸಾಫ್ಟ್ ಕೊಡುವ ಸಲಕರಣೆ) ಕುರಿತದ್ದು. ಮ್ಯಾಕ್ ಮತ್ತು ಲಿನಕ್ಸ್ ಕೊನೆಯಲ್ಲಿವೆ.

ಮೊದಲು ಪಾಯಿಂಟರಿನ ಬಗ್ಗೆ ಕೇಳಿ

ಕೋಡ್ ತೆರೆಯುವ ಮುನ್ನ ದೂರು ಕೊಟ್ಟವರನ್ನು ಒಂದು ಪ್ರಶ್ನೆ ಕೇಳಿ: ಮೌಸ್ ಬಿಡುವ ಮುಂಚಿನ ಕ್ಷಣದಲ್ಲಿ ಪಾಯಿಂಟರಿನ ಪಕ್ಕದಲ್ಲಿ ಏನು ಕಾಣುತ್ತಿತ್ತು? ಅರ್ಧ ರೋಗನಿದಾನ ಇದರಲ್ಲೇ ಮುಗಿಯುತ್ತದೆ.

ಕೂಡಿಸುವ ಚಿಹ್ನೆ (ನಕಲಿನ ಗುರುತು) ಕಾಣಿಸಿತ್ತು, ಆದರೂ ಫೈಲ್ ಸ್ಥಳಾಂತರವಾಯಿತು ಎಂದರೆ, ಎಳೆಯುವಾಗಿನ ಕೋಡ್ ಕೀಯನ್ನು ಕಂಡಿದೆ, ಬಿಟ್ಟಾಗಿನ ಕೋಡ್ ಕಂಡಿಲ್ಲ. ಚಿಹ್ನೆ ಬದಲಾಗಲೇ ಇಲ್ಲ ಎಂದರೆ, ಎಳೆಯುವಾಗಿನ ಕೋಡೇ ಕೀಯನ್ನು ಓದಿಲ್ಲ ಅಥವಾ ತಪ್ಪಾಗಿ ಓದಿದೆ. ಕಂಟ್ರೋಲ್ ಒತ್ತಿದ ಕೂಡಲೇ ಅಡ್ಡಗೆರೆಯ ನಿಷೇಧದ ವೃತ್ತ ಬಂತು ಎಂದರೆ ಕೀ ಸರಿಯಾಗಿಯೇ ಕಂಡಿದೆ, ಆದರೆ ಅದು ಕೇಳಿದ ಕೆಲಸಕ್ಕೆ ಅನುಮತಿ ಇಲ್ಲ. ಯಾವ ಕೀ ಒತ್ತಿದರೂ ಒತ್ತದಿದ್ದರೂ ಮೊದಲಿನಿಂದ ನಿಷೇಧದ ವೃತ್ತವೇ ಇದ್ದರೆ ಇದು ಕೀಗೆ ಸಂಬಂಧಿಸಿದ ದೋಷವೇ ಅಲ್ಲದಿರಬಹುದು. ದೂರು ಕೊಟ್ಟ ಇಬ್ಬರೂ ಹೇಳಿದ್ದು ಎರಡನೆಯದಕ್ಕೆ ಹತ್ತಿರವಾದದ್ದು: ಚಿಹ್ನೆ ಕೆಲವೊಮ್ಮೆ ಬದಲಾಗುತ್ತಿತ್ತು, ಕೆಲವೊಮ್ಮೆ ಇಲ್ಲ. ಆ ‘ಕೆಲವೊಮ್ಮೆ’ಯೇ ಮುಖ್ಯ ಸುಳಿವು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಬ್ರೇಕ್‌ಪಾಯಿಂಟ್ ಇಡಬೇಡಿ, ಲಾಗ್ ಬರೆಯಿರಿ

ಅಭ್ಯಾಸಬಲದಿಂದ ನಾನು ಡ್ರ್ಯಾಗ್‌ಓವರ್ ಘಟನೆಯೊಳಗೆ (ಎಳೆತ ನಮ್ಮ ವಿಂಡೋದ ಮೇಲೆ ಸಾಗುವಾಗ ಓಡುವ ಕೋಡ್) ಬ್ರೇಕ್‌ಪಾಯಿಂಟ್, ಅಂದರೆ ಕೋಡನ್ನು ನಡುವೆ ನಿಲ್ಲಿಸುವ ಗುರುತು, ಇಟ್ಟೆ. ಎಳೆತ ನಡೆಯುತ್ತಿರುವಾಗ ಕೋಡ್ ನಿಂತರೆ ದೋಷ ಹುಡುಕುವ ಸಲಕರಣೆಯಾದ ಡೀಬಗರ್ ಮುಂದೆ ಬರುತ್ತದೆ, ಅಲ್ಲಿ ಕ್ಲಿಕ್ ಮಾಡಲು ಮೌಸ್ ಬಿಡಬೇಕು, ಮುಂದುವರಿಸಲು ಇನ್ನೊಂದು ಕೀ ಒತ್ತಬೇಕು. ಅಷ್ಟರಲ್ಲಿ ಕಂಟ್ರೋಲ್ ಮೇಲಿದ್ದ ಬೆರಳು ಎದ್ದಿರುತ್ತದೆ. ಅಳೆಯಲು ಹೋದ ಕೈಯೇ ತಕ್ಕಡಿಯನ್ನು ಅಲುಗಿಸಿದಂತೆ. ಎಕ್ಸ್‌ಪ್ಲೋರರ್‌ನಿಂದ ಎಳೆದಿದ್ದರಂತೂ ನಿಮ್ಮ ಉತ್ತರಕ್ಕಾಗಿ ಕಾಯುತ್ತ ಅದೂ ಮರಗಟ್ಟಿ ನಿಲ್ಲುತ್ತದೆ.

ಬದಲಿಗೆ ಮೂರೂ ಘಟನೆಗಳಲ್ಲಿ, ಅಂದರೆ ಡ್ರ್ಯಾಗ್‌ಎಂಟರ್ (ವಿಂಡೋ ಒಳಗೆ ಬಂದಾಗ), ಡ್ರ್ಯಾಗ್‌ಓವರ್ ಮತ್ತು ಡ್ರ್ಯಾಗ್‌ಡ್ರಾಪ್‌ಗಳಲ್ಲಿ (ಬಿಟ್ಟಾಗ), ಒಂದೊಂದು ಸಾಲು ಲಾಗ್ (ನಡೆದದ್ದರ ದಾಖಲೆ) ಬರೆಯಿರಿ. ಮೂರು ಸಂಖ್ಯೆಗಳು ಸಾಕು: ಘಟನೆಯ ಜೊತೆ ಬಂದ ಕೀಸ್ಟೇಟ್ (ಒತ್ತಿರುವ ಕೀಗಳ ಸ್ಥಿತಿ), ಮೂಲ ತಂತ್ರಾಂಶ ಅನುಮತಿಸಿರುವ ಪರಿಣಾಮಗಳು, ನಾವು ಹಿಂದಿರುಗಿಸುತ್ತಿರುವ ಪರಿಣಾಮ. ನನ್ನ ಲಾಗ್ ಹೀಗಿತ್ತು:

ಎಂಟರ್: ಕೀ 1, ಅನುಮತಿ 7, ಉತ್ತರ 2
ಓವರ್: ಕೀ 9, ಅನುಮತಿ 7, ಉತ್ತರ 2
ಡ್ರಾಪ್: ಕೀ 8, ಅನುಮತಿ 7, ಉತ್ತರ 2

ಇದನ್ನು ಓದಲು ಒಂದು ಸಣ್ಣ ಮಗ್ಗಿ ಬೇಕು. ಕೀಸ್ಟೇಟ್‌ನಲ್ಲಿ ಎಡ ಮೌಸ್ ಗುಂಡಿಗೆ 1, ಬಲಗುಂಡಿಗೆ 2, ಶಿಫ್ಟ್‌ಗೆ 4, ಕಂಟ್ರೋಲ್‌ಗೆ 8, ನಡುಗುಂಡಿಗೆ 16, ಆಲ್ಟ್‌ಗೆ 32. ಒತ್ತಿರುವುದೆಲ್ಲ ಕೂಡಿ ಒಂದೇ ಸಂಖ್ಯೆಯಾಗಿ ಬರುತ್ತದೆ. ಪರಿಣಾಮಗಳಲ್ಲಿ ನಕಲಿಗೆ 1, ಸ್ಥಳಾಂತರಕ್ಕೆ 2, ಲಿಂಕ್‌ಗೆ (ಶಾರ್ಟ್‌ಕಟ್) 4. ಈಗ ಎರಡನೆಯ ಸಾಲು ನೋಡಿ. ಕೀ 9, ಅಂದರೆ ಎಡಗುಂಡಿಯ ಜೊತೆಗೆ ಕಂಟ್ರೋಲ್. ಅನುಮತಿ 7, ಅಂದರೆ ಮೂರು ಕೆಲಸಕ್ಕೂ ಒಪ್ಪಿಗೆ ಇದೆ. ಆದರೂ ನಮ್ಮ ಉತ್ತರ 2. ಕಂಟ್ರೋಲ್ ಒತ್ತಿದ ಸುದ್ದಿ ಮನೆ ಬಾಗಿಲಿಗೆ ಬಂದು ನಿಂತಿದೆ, ನಾವೇ ಕದ ತೆರೆದಿಲ್ಲ.

ಕೀಲಿಮಣೆಯನ್ನು ಕೇಳಿದ್ದೇ ತಪ್ಪು

ನನ್ನ ಕೋಡ್ ಕೀಯನ್ನು ತಿಳಿಯಲು ವಿನ್‌ಫಾರ್ಮ್ಸ್‌ನ ‘ಕಂಟ್ರೋಲ್’ ಎಂಬ ವರ್ಗದ (ಇದು ಕೀಯ ಹೆಸರಲ್ಲ) ‘ಮಾಡಿಫೈಯರ್‌ಕೀಸ್’ ಎಂಬ ಗುಣವನ್ನು ಓದುತ್ತಿತ್ತು. ನೋಡಲು ಅಚ್ಚುಕಟ್ಟು, ಎಲ್ಲಿಂದಲೂ ಕರೆಯಬಹುದು. ಆದರೆ ಅದು ಒಳಗೆ ಕರೆಯುವುದು ‘ಗೆಟ್‌ಕೀಸ್ಟೇಟ್’ ಎಂಬ ವಿಂಡೋಸ್ ಫಂಕ್ಷನ್ನನ್ನು. ಈ ಫಂಕ್ಷನ್ ಕೀಲಿಮಣೆಯ ಈಗಿನ ಸ್ಥಿತಿಯನ್ನು ಹೇಳುವುದಿಲ್ಲ. ನಿಮ್ಮ ಥ್ರೆಡ್ (ತಂತ್ರಾಂಶದ ಕೆಲಸ ಸಾಗುವ ಎಳೆ) ತನ್ನ ಸಂದೇಶಗಳ ಸರತಿಯಿಂದ ಓದಿಕೊಂಡಷ್ಟರ ಮಟ್ಟಿಗೆ ಯಾವ ಕೀ ಒತ್ತಿತ್ತು ಎಂಬುದನ್ನು ಮಾತ್ರ ಹೇಳುತ್ತದೆ.

ನಮ್ಮದೇ ವಿಂಡೋದಲ್ಲಿ ಎಳೆತ ಶುರುವಾದಾಗ ‘ಡುಡ್ರ್ಯಾಗ್‌ಡ್ರಾಪ್’ ಎಂಬುದು ನಮ್ಮ ಥ್ರೆಡ್ಡಿನಲ್ಲೇ ಒಂದು ಒಳಕುಣಿಕೆಯನ್ನು (ಲೂಪ್) ಓಡಿಸುತ್ತದೆ. ಮೌಸ್ ಮತ್ತು ಕೀಲಿಮಣೆಯ ಸಂದೇಶಗಳನ್ನು ಅದೇ ಎತ್ತಿಕೊಳ್ಳುತ್ತದೆ. ಹೀಗಾಗಿ ಗೆಟ್‌ಕೀಸ್ಟೇಟ್ ಕೊಡುವ ಉತ್ತರ ತಾಜಾ ಇರುತ್ತದೆ. ನನ್ನ ಇಪ್ಪತ್ತಕ್ಕೆ ಇಪ್ಪತ್ತು ಅಂಕಗಳ ಗುಟ್ಟು ಇದು. ಎಕ್ಸ್‌ಪ್ಲೋರರ್‌ನಿಂದ ಎಳೆದಾಗ ಆ ಕುಣಿಕೆ ಓಡುವುದು ಎಕ್ಸ್‌ಪ್ಲೋರರ್‌ನ ಥ್ರೆಡ್ಡಿನಲ್ಲಿ. ಮೌಸ್ ಅದರ ಹಿಡಿತದಲ್ಲಿ, ಕೀಲಿಮಣೆಯ ಗಮನವೂ ಅದರ ಕಡೆಗೆ. ನಮ್ಮ ಸರತಿಗೆ ಕೀ ಸಂದೇಶ ಬರುವುದೇ ಇಲ್ಲ. ತಂತ್ರಾಂಶಗಳು ಪರಸ್ಪರ ಮಾತಾಡಿಕೊಳ್ಳುವ ವಿಂಡೋಸ್ ವ್ಯವಸ್ಥೆಯಾದ ಕಾಮ್ (COM) ಮೂಲಕ ‘ನಿಮ್ಮ ಮೇಲೆ ಎಳೆಯುತ್ತಿದ್ದಾರೆ’ ಎಂಬ ಕರೆ ಮಾತ್ರ ಬರುತ್ತದೆ. ಆಗ ಗೆಟ್‌ಕೀಸ್ಟೇಟ್ ಸರಿಯಾಗಿ ಹೇಳಿದರೆ ಅದು ಅದೃಷ್ಟ, ಹಳೆಯದನ್ನು ಹೇಳಿದರೆ ದೂರುವಂತಿಲ್ಲ, ಏಕೆಂದರೆ ಅದು ಅಂಥ ಭರವಸೆಯನ್ನೇ ಕೊಟ್ಟಿಲ್ಲ. ‘ಕೆಲವೊಮ್ಮೆ’ ಬಂದದ್ದು ಇಲ್ಲಿಂದ. ಇದೇ ಕಾರಣಕ್ಕೆ ಕೀಡೌನ್ ಘಟನೆಯಲ್ಲಿ ಒಂದು ಧ್ವಜ ಎತ್ತಿ ಕೀಅಪ್‌ನಲ್ಲಿ ಇಳಿಸುವ ಉಪಾಯವೂ ನಡೆಯುವುದಿಲ್ಲ. ಎಳೆತದ ನಡುವೆ ಆ ಘಟನೆಗಳು ನಿಮಗೆ ಸಿಗುವುದಿಲ್ಲ. ಕೆಲವೊಮ್ಮೆ ಎತ್ತಿದ ಧ್ವಜ ಇಳಿಯದೇ ಉಳಿದು, ಮುಂದಿನ ಎಳೆತವನ್ನೂ ಕೆಡಿಸುತ್ತದೆ.

ಇದನ್ನು ತಿಳಿದ ಮೇಲೆ ಹಲವರು ಮಾಡುವ ಎರಡನೆಯ ತಪ್ಪನ್ನು ನಾನೂ ಮಾಡಿದೆ. ಗೆಟ್‌ಕೀಸ್ಟೇಟ್ ಬದಲು ‘ಗೆಟ್‌ಅಸಿಂಕ್‌ಕೀಸ್ಟೇಟ್’ ಹಾಕಿದೆ. ಅದು ಸರತಿಯನ್ನು ಲೆಕ್ಕಿಸದೆ ಕರೆದ ಕ್ಷಣದಲ್ಲಿ ಕೀ ಒತ್ತಿದೆಯೇ ಎಂದು ಹೇಳುತ್ತದೆ. ದೂರುಗಳು ಕಡಿಮೆಯಾದವು, ನಿಲ್ಲಲಿಲ್ಲ. ನಮಗೆ ಬೇಕಾದದ್ದು ನಮ್ಮ ಕೋಡ್ ಓಡುವ ಕ್ಷಣವಲ್ಲ, ಬಳಕೆದಾರರು ಮೌಸ್ ಬಿಟ್ಟ ಕ್ಷಣ. ಕೈ ಎತ್ತುವಾಗ ಮೌಸ್ ಮತ್ತು ಕಂಟ್ರೋಲ್ ಎರಡನ್ನೂ ಹೆಚ್ಚುಕಡಿಮೆ ಒಟ್ಟಿಗೇ ಬಿಡುತ್ತೇವೆ. ನನ್ನ ಡ್ರಾಪ್ ಕೋಡ್ ಮೊದಲು ಇನ್ನೂರು ಫೈಲುಗಳ ಹೆಸರಿನ ಪಟ್ಟಿ ತೆಗೆದು, ಒಂದೊಂದೂ ಚಿತ್ರವೇ ಎಂದು ನೋಡಿ, ಆಮೇಲೆ ‘ಕಂಟ್ರೋಲ್ ಒತ್ತಿದೆಯೇ’ ಎಂದು ಕೇಳುತ್ತಿತ್ತು. ಬಸ್ ಹೋದ ಮೇಲೆ ಕೈ ಬೀಸಿದ ಹಾಗೆ. ಫೈಲ್ ಕಡಿಮೆ ಇದ್ದಾಗ ಸರಿ, ಹೆಚ್ಚಿದ್ದಾಗ ತಪ್ಪು. ಇಂಥ ದೋಷವನ್ನು ಪರೀಕ್ಷೆಯಲ್ಲಿ ಹಿಡಿಯುವುದು ಬಲು ಕಷ್ಟ, ಏಕೆಂದರೆ ಪರೀಕ್ಷೆಗೆ ಯಾರೂ ಇನ್ನೂರು ಫೈಲ್ ಎಳೆಯುವುದಿಲ್ಲ.

ಸರಿಯಾದ ಉತ್ತರ ಲಾಗ್‌ನಲ್ಲೇ ಇತ್ತು. ಎಳೆತವನ್ನು ನಡೆಸುತ್ತಿರುವ ಕುಣಿಕೆ ಕೀಗಳ ಸ್ಥಿತಿಯನ್ನು ಪ್ರತಿ ಕರೆಯ ಜೊತೆಗೂ ಕಟ್ಟಿ ಕಳುಹಿಸುತ್ತದೆ. ವಿನ್‌ಫಾರ್ಮ್ಸ್‌ನಲ್ಲಿ ಅದು ಘಟನೆಯ ಕೀಸ್ಟೇಟ್, ಅದರ ನಂತರ ಬಂದ ಸಲಕರಣೆ ಡಬ್ಲ್ಯುಪಿಎಫ್‌ನಲ್ಲಿ ಕೀಸ್ಟೇಟ್ಸ್, ಇವುಗಳ ತಳದಲ್ಲಿರುವ ವಿಂಡೋಸ್‌ನ ಎಳೆತದ ವ್ಯವಸ್ಥೆ ಓಎಲ್ಇಯನ್ನು ನೇರ ಬಳಸುವವರಿಗೆ ಐಡ್ರಾಪ್‌ಟಾರ್ಗೆಟ್ ಕರೆಗಳಲ್ಲಿ ಬರುವ ಕೀ ಸಂಖ್ಯೆ. ಎಳೆತದ ವಿಷಯವನ್ನು ಎಳೆತವನ್ನೇ ಕೇಳಬೇಕು, ಕೀಲಿಮಣೆಯನ್ನಲ್ಲ. ನಿಮ್ಮ ವಿಂಡೋ ಮೂಲವಾಗಿದ್ದಾಗಲೂ ಅಷ್ಟೆ: ‘ಕ್ವೆರಿಕಂಟಿನ್ಯೂಡ್ರ್ಯಾಗ್’ ಕರೆಯಲ್ಲಿ ಎಸ್ಕೇಪ್ ಒತ್ತಿದ್ದಾರೆಯೇ ಎಂಬುದೂ ಕೀ ಸಂಖ್ಯೆಯೂ ಜೊತೆಯಾಗಿ ಬರುತ್ತವೆ.

ಎಂಟೋ ಒಂಬತ್ತೋ

ಕೀಸ್ಟೇಟ್ ಓದಲು ಶುರು ಮಾಡಿದ ಮೇಲೆ ಬರುವ ಹಳ್ಳ ಇದು. ಲಾಗ್‌ನಲ್ಲಿ ಓವರ್ ಸಾಲಿನ ಸಂಖ್ಯೆ 9, ಡ್ರಾಪ್ ಸಾಲಿನದು 8. ಬಿಟ್ಟಾಗ ಮೌಸ್ ಗುಂಡಿ ಮೇಲೆದ್ದಿರುವುದರಿಂದ ಅದರ 1 ಕಳೆದುಹೋಗಿರುತ್ತದೆ. ‘ಕೀಸ್ಟೇಟ್ 8ಕ್ಕೆ ಸಮವೇ’ ಎಂದು ಬರೆದರೆ ಎಳೆಯುವಾಗ ಚಿಹ್ನೆ ಬದಲಾಗುವುದಿಲ್ಲ, ಬಿಟ್ಟಾಗ ಮಾತ್ರ ನಕಲಾಗುತ್ತದೆ. ಲಾಗ್ ನೋಡಿ ‘9ಕ್ಕೆ ಸಮವೇ’ ಎಂದು ಬರೆದರೆ ಚಿಹ್ನೆ ಬರುತ್ತದೆ, ನಕಲಾಗುವುದಿಲ್ಲ. ಎರಡನ್ನೂ ಬೇರೆ ಬೇರೆ ಕಡೆ ಬರೆದು ‘ಹೇಗೋ ನಡೆಯುತ್ತಿದೆ’ ಎಂದುಕೊಂಡವರ ಕೋಡನ್ನು ನಾನು ನೋಡಿದ್ದೇನೆ. ಶಿಫ್ಟ್ ಸೇರಿದರೆ ಅದೂ ಮುರಿಯುತ್ತದೆ. ಸಮವೇ ಎಂದು ಕೇಳಬಾರದು, ಮೊತ್ತದಲ್ಲಿ 8 ಸೇರಿದೆಯೇ ಎಂದು ‘ಅಂಡ್’ ಎಂಬ ಬಿಟ್ ಕ್ರಿಯೆ ಹಾಕಿ ಕೇಳಬೇಕು.

ಇದೇ ಕಾರಣದಿಂದ ಬಲಗುಂಡಿಯ ಎಳೆತವೂ ಮೋಸ ಮಾಡುತ್ತದೆ. ಬಲಗುಂಡಿ ಹಿಡಿದು ಎಳೆದರೆ ಕೊನೆಯಲ್ಲಿ ‘ನಕಲೋ ಸ್ಥಳಾಂತರವೋ’ ಎಂಬ ಮೆನು ತೋರಿಸಬೇಕೆಂದಿದ್ದರೆ, ಡ್ರಾಪ್ ಹೊತ್ತಿಗೆ ಯಾವ ಗುಂಡಿ ಎಂಬುದು ಅಳಿಸಿಹೋಗಿರುತ್ತದೆ. ಡ್ರ್ಯಾಗ್‌ಎಂಟರ್‌ನಲ್ಲೇ ನೆನಪಿಟ್ಟುಕೊಳ್ಳಿ, ಪಾಯಿಂಟರ್ ಹೊರಹೋದಾಗಿನ ಡ್ರ್ಯಾಗ್‌ಲೀವ್‌ನಲ್ಲಿ ಮರೆಯಿರಿ.

ದೇವರು ಕೊಟ್ಟರೂ ಪೂಜಾರಿ ಬಿಡ

ಕೀ ಸರಿಯಾಗಿ ಓದಿದರೂ ನಿಷೇಧದ ವೃತ್ತ ಬರುವ ಪ್ರಕರಣ ಬೇರೆ. ಎಳೆತ ಶುರು ಮಾಡಿದ ಮೂಲ ತಂತ್ರಾಂಶ ‘ಇಂತಿಂಥ ಪರಿಣಾಮಗಳಿಗೆ ನನ್ನ ಒಪ್ಪಿಗೆ ಇದೆ’ ಎಂದು ಮೊದಲೇ ಹೇಳಿರುತ್ತದೆ. ಅದರಲ್ಲಿ ಇಲ್ಲದ್ದನ್ನು ನೀವು ಉತ್ತರಿಸಿದರೆ ಡ್ರಾಪ್ ನಡೆಯುವುದಿಲ್ಲ. ಲಾಗ್‌ನಲ್ಲಿ ಅನುಮತಿ 1 ಇದ್ದು ನಿಮ್ಮ ಉತ್ತರ 2 ಇದ್ದರೆ ಕಾರಣ ಅಲ್ಲೇ ಸಿಕ್ಕಿತು. ಕೀ ಕೇಳಿದ್ದಕ್ಕೆ ಅನುಮತಿ ಇಲ್ಲದಿದ್ದರೆ ಅನುಮತಿ ಇರುವುದಕ್ಕೆ ಇಳಿಯಿರಿ, ಇಲ್ಲವೇ ನಿಷೇಧವನ್ನೇ ತೋರಿಸಿ. ಆದರೆ ನಕಲು ಕೇಳಿದವರಿಗೆ ಎಂದೂ ಸ್ಥಳಾಂತರ ಮಾಡಬೇಡಿ.

ಮೂಲ ನಿಮ್ಮದೇ ಆಗಿದ್ದರೆ ಒಂದು ಹೆಸರು ದಾರಿ ತಪ್ಪಿಸುತ್ತದೆ. ವಿನ್‌ಫಾರ್ಮ್ಸ್‌ನ ಡ್ರ್ಯಾಗ್‌ಡ್ರಾಪ್‌ಎಫೆಕ್ಟ್ಸ್ ಪಟ್ಟಿಯಲ್ಲಿ ‘ಆಲ್’ ಎಂಬುದಿದೆ. ಹೆಸರು ಎಲ್ಲವೂ ಎಂದಿದ್ದರೂ ಅದರಲ್ಲಿ ಇರುವುದು ನಕಲು, ಸ್ಥಳಾಂತರ ಮತ್ತು ಸ್ಕ್ರಾಲ್ ಮಾತ್ರ, ಲಿಂಕ್ ಇಲ್ಲ. ಆಲ್ಟ್ ಒತ್ತಿ ಶಾರ್ಟ್‌ಕಟ್ ಮಾಡಲು ಹೋದವರಿಗೆ ನಿಷೇಧದ ವೃತ್ತ ಸಿಗುವುದು ಇದರಿಂದ. ಲಿಂಕ್ ಬೇಕಿದ್ದರೆ ಹೆಸರಿಟ್ಟು ಸೇರಿಸಬೇಕು.

ನಿಮ್ಮ ಉತ್ತರ ಬರೀ ಚಿತ್ರ ಬದಲಿಸಲಿಕ್ಕಲ್ಲ ಎಂಬುದೂ ನೆನಪಿರಲಿ. ‘ಸ್ಥಳಾಂತರ’ ಎಂದು ನೀವು ಹೇಳಿದ್ದನ್ನು ನಂಬಿಕೊಂಡು ಮೂಲ ತಂತ್ರಾಂಶ ತನ್ನ ಬಳಿಯಿರುವುದನ್ನು ಅಳಿಸಬಹುದು. ನೀವು ನಕಲು ಮಾಡಿಕೊಂಡು ಉತ್ತರದಲ್ಲಿ ಮಾತ್ರ 2 ಬಿಟ್ಟಿದ್ದರೆ ಬಳಕೆದಾರರ ಫೈಲ್ ಹೋಗುವ ಅಪಾಯವಿದೆ.

ಬಲಗಡೆಯ ಆಲ್ಟ್

ಕಂಟ್ರೋಲ್ ದೋಷ ಸರಿಹೋದ ಮೇಲೆ ಬಂದ ದೂರು: ‘ಎಡಗಡೆಯ ಆಲ್ಟ್ ಒತ್ತಿದರೆ ಲಿಂಕ್ ಆಗುತ್ತದೆ, ಬಲಗಡೆಯದು ಒತ್ತಿದರೆ ನಕಲಾಗುತ್ತದೆ.’ ಲಾಗ್‌ನಲ್ಲಿ 33 ಬರಬೇಕಾದಲ್ಲಿ 41 ಬಂದಿತ್ತು. ಆಲ್ಟ್‌ನ 32, ಎಡಗುಂಡಿಯ 1, ಮತ್ತೆ ಎಲ್ಲಿಂದಲೋ 8. ಅವರು ಕಂಟ್ರೋಲ್ ಮುಟ್ಟಿರಲಿಲ್ಲ.

ನಮ್ಮಲ್ಲಿ ಬಹಳ ಮಂದಿ ವಿಂಡೋಸ್‌ನ ಇಂಗ್ಲಿಷ್ (ಭಾರತ) ಕೀಲಿಮಣೆ ವಿನ್ಯಾಸವನ್ನು ಬಳಸುತ್ತಾರೆ. ರೂಪಾಯಿ ಚಿಹ್ನೆ ಬೇಕೆಂದರೆ ಬಲ ಆಲ್ಟ್ ಜೊತೆ 4 ಒತ್ತುವುದು ಇದರಲ್ಲೇ. ಇಂಥ ವಿನ್ಯಾಸಗಳಲ್ಲಿ ಬಲಗಡೆಯ ಕೀ ಸಾಮಾನ್ಯ ಆಲ್ಟ್ ಅಲ್ಲ, ಆಲ್ಟ್‌ಗ್ರಾಫ್. ಅದನ್ನು ಒತ್ತಿದಾಗ ವಿಂಡೋಸ್ ತಾನಾಗಿಯೇ ಎಡ ಕಂಟ್ರೋಲನ್ನೂ ಒತ್ತಿದಂತೆ ತೋರಿಸುತ್ತದೆ. ಜರ್ಮನ್ ವಿನ್ಯಾಸದಲ್ಲೂ ಇದೇ ನಡೆಯುತ್ತದೆ. ಅಮೆರಿಕದ ಇಂಗ್ಲಿಷ್ ವಿನ್ಯಾಸ ಹಾಕಿಕೊಂಡಿದ್ದ ನನಗೆ ಇದು ಕಾಣಿಸುವ ಸಂಭವವೇ ಇರಲಿಲ್ಲ. ನನ್ನ ಕೋಡ್ ಮೊದಲು ಕಂಟ್ರೋಲ್ ಇದೆಯೇ ಎಂದು ನೋಡಿ, ಇದ್ದರೆ ನಕಲು ಎಂದು ಹೇಳಿ ಮುಗಿಸುತ್ತಿತ್ತು. ಆಲ್ಟ್ ಪರೀಕ್ಷೆಯನ್ನು ಮುಂದಕ್ಕೆ ತಂದೆ, ಆಲ್ಟ್ ಇದ್ದರೆ ಜೊತೆಗೆ ಕಂಟ್ರೋಲ್ ಇದ್ದರೂ ಲಿಂಕ್ ಎಂದೇ ಪರಿಗಣಿಸಿದೆ. ಕಂಟ್ರೋಲ್ ಮತ್ತು ಆಲ್ಟ್ ಕೂಡಿದ್ದಕ್ಕೆ ಬೇರೆ ಅರ್ಥ ಕೊಡುವ ಆಸೆ ಇದ್ದರೆ ಬಿಟ್ಟುಬಿಡಿ.

ಕೀ ಅಲ್ಲದ ಕಾರಣಗಳು

ಮೊದಲಿನಿಂದ ಕೊನೆಯವರೆಗೆ ನಿಷೇಧದ ವೃತ್ತ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ ಎಂದರೆ ನಿಮ್ಮ ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುತ್ತಿದೆಯೇ ನೋಡಿ. ವಿಸ್ಟಾದಿಂದೀಚೆಗೆ ಕೆಳ ಅಧಿಕಾರದ ಎಕ್ಸ್‌ಪ್ಲೋರರ್‌ನಿಂದ ಮೇಲಿನ ಅಧಿಕಾರದ ವಿಂಡೋಗೆ ಎಳೆಯುವುದನ್ನು ವಿಂಡೋಸ್ ತಡೆಯುತ್ತದೆ. ವಿಷುಯಲ್ ಸ್ಟುಡಿಯೋವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅಲ್ಲಿಂದ ಓಡಿಸಿದರೂ ಇದೇ ಗತಿ.

ಡ್ರಾಪ್ ಘಟನೆಯೊಳಗೆ ‘ಈ ಹೆಸರಿನ ಫೈಲ್ ಆಗಲೇ ಇದೆ, ಬದಲಿಸಲೇ?’ ಎಂಬ ಪೆಟ್ಟಿಗೆ ತೆರೆದರೆ ಉತ್ತರ ಬರುವವರೆಗೂ ಎಕ್ಸ್‌ಪ್ಲೋರರ್ ಕಾಯುತ್ತ ಕೂರುತ್ತದೆ. ಡ್ರಾಪ್‌ನಲ್ಲಿ ಕೀಸ್ಟೇಟನ್ನೂ ಫೈಲ್ ಪಟ್ಟಿಯನ್ನೂ ತೆಗೆದುಕೊಂಡು ಕೂಡಲೇ ಹಿಂದಿರುಗಿ, ಉಳಿದ ಕೆಲಸವನ್ನು ‘ಆಮೇಲೆ ಓಡಿಸು’ ಎಂದು ಹೇಳುವ ಬಿಗಿನ್‌ಇನ್ವೋಕ್ ಮೂಲಕ ಮುಂದೂಡಿ.

ಮ್ಯಾಕ್, ಲಿನಕ್ಸ್ ಮತ್ತು ಉಳಿದವು

ಮ್ಯಾಕ್‌ನಲ್ಲಿ ಕೀಯನ್ನು ಹುಡುಕುವುದೇ ಬೇಡ. ಆಪ್ಷನ್ ಒತ್ತಿದರೆ ನಕಲು, ಕಂಟ್ರೋಲ್ ಒತ್ತಿದರೆ ಲಿಂಕ್, ಕಮಾಂಡ್ ಒತ್ತಿದರೆ ಜೆನೆರಿಕ್ (ಗುರಿಯೇ ನಿರ್ಧರಿಸುವ ಕೆಲಸ) ಎಂದು ಮ್ಯಾಕ್‌ನ ತಂತ್ರಾಂಶ ಸಲಕರಣೆ ಆ್ಯಪ್‌ಕಿಟ್ ತಾನೇ ಸೋಸಿ, ‘ಡ್ರ್ಯಾಗಿಂಗ್‌ಸೋರ್ಸ್‌ಆಪರೇಷನ್‌ಮಾಸ್ಕ್’ನಲ್ಲಿ ಉಳಿದದ್ದನ್ನು ಕೊಡುತ್ತದೆ. ಮಾಸ್ಕ್ ಬರಿದಾಗಿ ಬಂದರೆ ಮೂಲ ಆ ಕೆಲಸಕ್ಕೆ ಒಪ್ಪಿಲ್ಲ ಎಂದರ್ಥ. ಮಾಸ್ಕ್ ಕೀಗೆ ಜಗ್ಗದಿದ್ದರೆ ಮೂಲವು ಮಾಡಿಫೈಯರ್ ಕೀಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಹೇಳಿರಬಹುದು. ಕೀಯನ್ನು ನೇರವಾಗಿ ಓದಲೇಬೇಕಿದ್ದರೆ ಎನ್ಎಸ್ಇವೆಂಟ್ ವರ್ಗದ ಮಾಡಿಫೈಯರ್‌ಫ್ಲಾಗ್ಸ್ ಓದಿ. ಆ್ಯಪ್‌ನ ‘ಕರೆಂಟ್‌ಇವೆಂಟ್’ನಿಂದ ತೆಗೆದದ್ದು ಎಳೆತದ ನಡುವೆ ಹಳಸಿರುತ್ತದೆ.

ಲಿನಕ್ಸ್‌ನ ಹಳೆಯ ವಿಂಡೋ ವ್ಯವಸ್ಥೆ ಎಕ್ಸ್11ರ ಲೋಕದಲ್ಲಿ ಎಕ್ಸ್‌ಡಿಎನ್‌ಡಿ ಎಂಬ ಎಳೆತದ ಒಪ್ಪಂದದ ಪೊಸಿಷನ್ ಸಂದೇಶ ಕೀಗಳನ್ನು ಹೊತ್ತು ತರುವುದಿಲ್ಲ, ಮೂಲ ಕೇಳುತ್ತಿರುವ ಕ್ರಿಯೆಯನ್ನು ತರುತ್ತದೆ. ಮೂಲ ತಂತ್ರಾಂಶ ಕೀಯನ್ನು ಗಮನಿಸದಿದ್ದರೆ ತಪ್ಪು ನಿಮ್ಮ ಕಡೆಯದಲ್ಲ. ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ನಿರ್ಧಾರ ಪರದೆಯನ್ನು ಜೋಡಿಸುವ ಕಂಪೋಸಿಟರ್‌ನದು: ಎರಡೂ ಕಡೆಯವರು ಒಪ್ಪುವ ಕ್ರಿಯೆಗಳನ್ನು ಹೇಳುತ್ತಾರೆ, ಒತ್ತಿದ ಕೀ ನೋಡಿ ಅದು ಒಂದನ್ನು ಆರಿಸಿ ತಿಳಿಸುತ್ತದೆ. ಅಲ್ಲಿ ನಕಲು, ಸ್ಥಳಾಂತರ, ಕೇಳು (ಬಳಕೆದಾರರನ್ನೇ ಕೇಳುವುದು) ಎಂಬ ಮೂರೇ ಇವೆ. ಲಿಂಕ್ ಹುಡುಕಿ ದಣಿಯಬೇಡಿ.

ಹಲವು ವ್ಯವಸ್ಥೆಗಳಿಗೆ ಒಟ್ಟಿಗೆ ತಂತ್ರಾಂಶ ಬರೆಯುವ ಸಲಕರಣೆ ಕ್ಯೂಟಿ (Qt) ಬಳಸುವವರು ‘ಕೀಬೋರ್ಡ್‌ಮಾಡಿಫೈಯರ್ಸ್’ ಎಂಬ ಆ್ಯಪ್ ಮಟ್ಟದ ಫಂಕ್ಷನ್ನನ್ನು ನೆಚ್ಚಬಾರದು. ಅದು ಕೊನೆಯ ಘಟನೆ ಹೇಳಿದ್ದನ್ನು ಮತ್ತೆ ಹೇಳುತ್ತದೆ, ಗೆಟ್‌ಕೀಸ್ಟೇಟ್‌ನ ಸೋದರ ಸಂಬಂಧಿಯಂತೆ. ಡ್ರಾಪ್ ಘಟನೆಯಲ್ಲೇ ಮಾಡಿಫೈಯರ್ಸ್ ಇದೆ. ಜಾವಾದಲ್ಲಿ ಗುರಿಯ ಕಡೆಗೆ ಸಿಗುವುದು ಗೆಟ್‌ಡ್ರಾಪ್‌ಆಕ್ಷನ್ ಮಾತ್ರ. ಮೂಲ ಸ್ಥಳಾಂತರಕ್ಕೆ ಒಪ್ಪಿದ್ದರೆ ಶಿಫ್ಟ್ ಒತ್ತಿದರೂ ಏನೂ ಒತ್ತದಿದ್ದರೂ ಅದು ಸ್ಥಳಾಂತರವೆಂದೇ ಹೇಳುತ್ತದೆ. ಎಲೆಕ್ಟ್ರಾನ್‌ನಂಥ ಬ್ರೌಸರ್ ಆಧಾರಿತ ತಂತ್ರಾಂಶಗಳಲ್ಲಿ ಎಳೆತ ಮುಗಿಯುವವರೆಗೆ ಕೀಡೌನ್ ಘಟನೆ ಬರಬಾರದೆಂದು ಎಚ್‌ಟಿಎಂಎಲ್ ಮಾನದಂಡವೇ ಹೇಳುತ್ತದೆ. ಡ್ರ್ಯಾಗ್‌ಓವರ್ ಘಟನೆಯ ಕಂಟ್ರೋಲ್‌ಕೀ (ctrlKey), ಆಲ್ಟ್‌ಕೀ (altKey) ಗುಣಗಳನ್ನು ಓದಿ. ಮೌಸ್ ನಿಂತಿದ್ದರೂ ಆ ಘಟನೆ ಮತ್ತೆ ಮತ್ತೆ ಬರುತ್ತಿರುತ್ತದೆ.

ಕೊನೆಗೆ ಉಳಿದ ತಿದ್ದುಪಡಿ

ಕೀಸ್ಟೇಟ್ ಮತ್ತು ಅನುಮತಿಯನ್ನು ತೆಗೆದುಕೊಂಡು ಪರಿಣಾಮವನ್ನು ಹೇಳುವ ಒಂದೇ ಫಂಕ್ಷನ್ ಬರೆದು ಎಂಟರ್, ಓವರ್, ಡ್ರಾಪ್ ಮೂರರಿಂದಲೂ ಅದನ್ನೇ ಕರೆದೆ. ಪರೀಕ್ಷೆಯನ್ನು ಎಕ್ಸ್‌ಪ್ಲೋರರ್‌ನಿಂದಲೇ ಶುರು ಮಾಡಿದೆ: ಎಳೆಯುವ ಮುನ್ನ ಕಂಟ್ರೋಲ್ ಒತ್ತಿ, ಎಳೆಯುತ್ತ ನಡುವೆ ಒತ್ತಿ, ಮೌಸ್ ಅಲುಗಿಸದೆ ಒತ್ತಿ ಬಿಟ್ಟು, ಮೌಸ್ ಬಿಡುವ ತುಸು ಮುನ್ನ ಕೀ ಬಿಟ್ಟು. ಎಲ್ಲದರಲ್ಲೂ ಚಿಹ್ನೆ ತೋರಿಸಿದ್ದೇ ನಡೆಯಿತು.

ಆಮೇಲೆ ಮೊದಲ ದೂರನ್ನು ಮತ್ತೆ ಓದಿದೆ. ಪೆನ್‌ಡ್ರೈವ್‌ನಿಂದ ಕಂಪ್ಯೂಟರಿಗೆ ಎಳೆಯುವುದು ಎಂದರೆ ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ. ಎಕ್ಸ್‌ಪ್ಲೋರರ್‌ನಲ್ಲಿ ಹಾಗೆ ಎಳೆದರೆ ಯಾವ ಕೀಯೂ ಇಲ್ಲದೆ ನಕಲೇ ಆಗುತ್ತದೆ. ಸ್ಥಳಾಂತರ ಬೇಕಿದ್ದವರು ಶಿಫ್ಟ್ ಒತ್ತಬೇಕು. ಒಂದೇ ಡ್ರೈವ್‌ನೊಳಗೆ ಮಾತ್ರ ಸುಮ್ಮನೆ ಎಳೆದದ್ದು ಸ್ಥಳಾಂತರ. ನಮ್ಮ ತಂತ್ರಾಂಶ ಡ್ರೈವ್ ಯಾವುದೆಂದು ನೋಡದೆ ಎಲ್ಲವನ್ನೂ ಸ್ಥಳಾಂತರಿಸುತ್ತಿತ್ತು. ಅವರು ಕಂಟ್ರೋಲ್ ಒತ್ತಬೇಕಾಗಿ ಬಂದದ್ದೇ ನಮ್ಮ ನಿಯಮದಿಂದ. ಫಂಕ್ಷನ್‌ಗೆ ಮೂಲದ ಡ್ರೈವ್ ಯಾವುದೆಂಬ ಇನ್ನೊಂದು ಮಾಹಿತಿಯನ್ನು ಸೇರಿಸಿ, ಮುಚ್ಚಿದ್ದ ಆ ದೂರನ್ನು ಮತ್ತೆ ತೆರೆದು, ‘ಕೀ ಸರಿಯಾಗಿ ಒತ್ತಿರಲಿಕ್ಕಿಲ್ಲ’ ಎಂದು ನಾನು ಬರೆದಿದ್ದ ಸಾಲನ್ನು ಅಳಿಸಿದೆ.